ಡಬ್ಬಿ ಅಲ್ಲ, ಅದು ಬಂದ ದಾರಿ ನೋಡಿ

(ತುಮಕೂರಿನ ಬಡಾವಣೆಯೊಂದರ ಮಹಿಳಾ ಸಂಘದವರು ಸಮುದಾಯ ಭವನದಲ್ಲಿ ಕರೆದಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. "ಸೌಂದರ್ಯ ಕಾಪಾಡಿಕೊಳ್ಳೋದು ಹೇಗೆ ಅಂತ ಮಾತಾಡಿ ಮೇಡಂ" ಅಂತ ನನ್ನನ್ನು ಕರೆದರು. ಅದು ನನ್ನ ಕೈಲಾಗದ ಕೆಲಸ. ನಾನು ಚರ್ಮದ ಡಾಕ್ಟರಲ್ಲ, ಬ್ಯೂಟಿಷಿಯನ್ನೂ ಅಲ್ಲ. ಇದೇ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಫ್ಯಾನ್ಸಿ ಸ್ಟೋರ್ ನಡೆಸಿದವಳು. ಯಾವ ಕ್ರೀಮು ಯಾರ ಮುಖಕ್ಕೆ ಒಗ್ಗುತ್ತದೆ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಒಂದು ಕ್ರೀಮಿನ ಡಬ್ಬಿ ಅಂಗಡಿಯ ಗಾಜಿನ ಕಪಾಟಿಗೆ ಯಾವ ಯಾವ ದಾರಿಯಲ್ಲಿ ಬರುತ್ತದೆ ಅನ್ನೋದು ಚೆನ್ನಾಗಿ ಗೊತ್ತು. ಇವತ್ತು ಅದನ್ನೇ ಹೇಳುತ್ತೇನೆ. ನಕಲಿ ಮಾಲು, ಹಳೇ ಮಾಲು ಎರಡೂ ಸಿಕ್ಕಿಬೀಳೋದು ಈ ದಾರಿಯಲ್ಲೇ. ಡಬ್ಬಿಯ ಮೇಲೆ ಅಲ್ಲ.

ಯಾಕೆ ಅಂದರೆ ಡಬ್ಬಿ ಈಗ ಯಾರು ಬೇಕಾದರೂ ಮಾಡಿಸಬಹುದು. ಮೊದಲೆಲ್ಲ ನಕಲಿಯನ್ನು ದೂರದಿಂದಲೇ ಹೇಳಬಹುದಿತ್ತು. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ, ಬಣ್ಣ ಮಾಸಲು, ಮುಚ್ಚಳ ಸಡಿಲ. ಈಗ ರಟ್ಟು, ಹೊಳೆಯೋ ಹಾಲೋಗ್ರಾಮು, ಕ್ಯೂಆರ್ ಕೋಡು ಎಲ್ಲ ಅಚ್ಚುಕಟ್ಟಾಗಿ ಬರುತ್ತವೆ. ಕ್ಯೂಆರ್ ಕೋಡು ಇದೆ ಅಂದ ಮಾತ್ರಕ್ಕೆ ನಂಬಬೇಡಿ, ಅದೂ ಬರೀ ಮುದ್ರಣ. ಅಸಲಿಯದ್ದನ್ನೇ ಫೋಟೋ ತೆಗೆದು ಹಾಕಿದರೆ ಅದೂ ಕಂಪನಿಯ ಪುಟಕ್ಕೇ ಹೋಗುತ್ತದೆ. "ಅಕ್ಕಾ, ಅಸಲಿ ನಕಲಿ ಪಕ್ಕಪಕ್ಕ ಇಟ್ಟು ತೋರಿಸಿ" ಅಂತ ಕೇಳುತ್ತಾರೆ. ತೋರಿಸುತ್ತೇನೆ. ಆದರೆ ಅದನ್ನು ಕಲಿತರೆ ಸಾಕು ಅಂದುಕೊಂಡರೆ ಮುಂದಿನ ವರ್ಷದ ನಕಲಿ ನಿಮ್ಮನ್ನು ದಾಟಿ ಹೋಗುತ್ತದೆ.

ಮೊದಲು ಒಂದು ವಿಷಯ. ಮೆಡಿಕಲ್ ಶಾಪ್ ಇಡಬೇಕಾದರೆ ಲೈಸೆನ್ಸ್ ಬೇಕು, ಫಾರ್ಮಸಿಸ್ಟ್ ಬೇಕು. ಸೌಂದರ್ಯವರ್ಧಕ ತಯಾರಿಸಬೇಕಾದರೂ ಲೈಸೆನ್ಸ್ ಬೇಕು, ಹೊರದೇಶದಿಂದ ತರಿಸಬೇಕಾದರೆ ನೋಂದಣಿ ಬೇಕು. ಆದರೆ ಮಾರೋದಕ್ಕೆ ಔಷಧ ಇಲಾಖೆಯ ಲೈಸೆನ್ಸ್ ಬೇಡ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಇರೋದೇ ಹಾಗೆ. ಅದಕ್ಕೇ ಅಶೋಕ ರಸ್ತೆಯ ಅಂಗಡಿಯಲ್ಲೂ, ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲೂ, ಸಿದ್ಧಗಂಗೆಯ ಜಾತ್ರೆಯಲ್ಲೂ, ಮನೆಯಲ್ಲಿ ಕೂತು ವಾಟ್ಸಾಪಿನಲ್ಲೂ ಯಾರು ಬೇಕಾದರೂ ಮಾರಬಹುದು. ಇದು ತಪ್ಪು ಅಂತ ನಾನು ಹೇಳೋದಿಲ್ಲ, ನನ್ನ ಹೊಟ್ಟೆ ತುಂಬಿದ್ದೂ ಇದರಿಂದಲೇ. ಆದರೆ ಮಾರುವವರ ತಲೆ ಮೇಲೆ ಕೈ ಇಟ್ಟವರು ಯಾರೂ ಇಲ್ಲದಾಗ, ನೋಡಿಕೊಳ್ಳೋ ಕೆಲಸ ಕೊಳ್ಳುವವರ ಮೇಲೇ ಬೀಳುತ್ತದೆ.

ಈಗ ದಾರಿಗೆ ಬರೋಣ. ದೊಡ್ಡ ಕಂಪನಿಯ ಮಾಲು ಡಿಪೋಗೆ ಬರುತ್ತದೆ, ಅಲ್ಲಿಂದ ಜಿಲ್ಲೆಯ ಡಿಸ್ಟ್ರಿಬ್ಯೂಟರಿಗೆ, ಅಲ್ಲಿಂದ ಲೈನ್ ಸೇಲ್ಸ್‌ಮನ್ ವಾರಕ್ಕೊಮ್ಮೆ ಅಂಗಡಿ ಬಾಗಿಲಿಗೆ. ಆರ್ಡರ್ ಬರೆದುಕೊಳ್ಳುತ್ತಾನೆ, ಮಾಲು ಬಿಲ್ಲಿನ ಜೊತೆ ಬರುತ್ತದೆ. ಈ ಮಾಲಿನಲ್ಲಿ ನಮ್ಮಂಥ ಸಣ್ಣ ಅಂಗಡಿಗೆ ನೂರು ರೂಪಾಯಿಗೆ ಹತ್ತು–ಹದಿನೈದು ರೂಪಾಯಿ ಉಳಿದರೆ ಹೆಚ್ಚು. ಸ್ಕೀಮ್ ಇದ್ದಾಗ ಇನ್ನೆರಡು ರೂಪಾಯಿ. ಈ ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಹೆಸರಾಂತ ಕಂಪನಿಯ, ಎಲ್ಲ ಕಡೆ ಸಿಗೋ ಕ್ರೀಮನ್ನು ಒಬ್ಬ ಸಣ್ಣ ಅಂಗಡಿಯವನು ಅರ್ಧ ಬೆಲೆಗೆ ಕೊಡುತ್ತಾನೆ ಅಂದರೆ ಅವನು ಕೈಯಿಂದ ಹಾಕಿ ಕೊಡುತ್ತಿಲ್ಲ. ಮಾಲು ಬೇರೆ ದಾರಿಯಿಂದ ಬಂದಿದೆ.

ಆ ಬೇರೆ ದಾರಿಯೂ ನನಗೆ ಗೊತ್ತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಒಬ್ಬ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬರುತ್ತಾನೆ. ಕೌಂಟರಿನ ಮೇಲೆ ಎರಡು ಲಿಪ್‌ಸ್ಟಿಕ್, ಒಂದು ಕಾಜಲ್, ಒಂದು ಫೌಂಡೇಶನ್ ಸಾಲಾಗಿ ಇಡುತ್ತಾನೆ. ಬಾಯಿ ಬಿಟ್ಟರೆ "ಫಸ್ಟ್ ಕಾಪಿ", "ಮಾಸ್ಟರ್ ಕಾಪಿ" (ಅಂದರೆ ಅಸಲಿಯ ಹಾಗೇ ಕಾಣೋ ನಕಲಿ), "ಲಾಟ್ ಮಾಲು" (ಒಟ್ಟಿಗೆ ಸಿಕ್ಕ ಮಾಲು). "ಅಕ್ಕಾ, ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ" ಅನ್ನುತ್ತಾನೆ. ಈ ವ್ಯಾಪಾರದ ಗುಟ್ಟೆಲ್ಲ ಆ ಒಂದು ವಾಕ್ಯದಲ್ಲಿದೆ. ಬಿಲ್ಲಿಲ್ಲದ ಮಾಲಿಗೆ ಅಪ್ಪ ಅಮ್ಮ ಇರೋದಿಲ್ಲ. ನಾಳೆ ಯಾರದ್ದಾದರೂ ತುಟಿ ಊದಿಕೊಂಡರೆ ಅಂಗಡಿಯವನು ಬ್ಯಾಗಿನವನನ್ನು ಎಲ್ಲಿ ಹುಡುಕುತ್ತಾನೆ?

ನಕಲಿ ಅಂದರೆ ಹೊರದೇಶದ ದುಬಾರಿ ಬ್ರ್ಯಾಂಡಿನದ್ದು ಮಾತ್ರ ಅಂತ ತಿಳಿಯಬೇಡಿ. ನಮ್ಮ ಮೈಸೂರು ಸ್ಯಾಂಡಲ್ ಸೋಪನ್ನೇ ತೆಗೆದುಕೊಳ್ಳಿ. 1916ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಸೋಪು, ಭೌಗೋಳಿಕ ಗುರುತು ಸಿಕ್ಕಿರೋ ಸೋಪು. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅದರ ನಕಲಿ ತಯಾರಿಸುತ್ತಿದ್ದ ಜಾಗದ ಮೇಲೆ ದಾಳಿ ಆಯಿತು, ಕೋಟಿಗಟ್ಟಲೆ ಬೆಲೆಯ ಮಾಲು ಸಿಕ್ಕಿತು. ಸೋಪು, ಎಣ್ಣೆ, ಶಾಂಪೂ, ಪೌಡರ್, ಯಾವುದು ದಿನಾ ಖರ್ಚಾಗುತ್ತದೋ ಅದನ್ನೇ ನಕಲಿ ಮಾಡೋದು ಲಾಭ. ಮದುವೆಗೊಮ್ಮೆ ಹಚ್ಚೋ ಲಿಪ್‌ಸ್ಟಿಕ್ಕಿಗಿಂತ ದಿನಾ ತಲೆಗೆ ಹಾಕೋ ಶಾಂಪೂ ಮೇಲೆ ನಾನು ಹೆಚ್ಚು ಕಣ್ಣಿಡುತ್ತೇನೆ.

ಇನ್ನು ಹಳೇ ಮಾಲು. ತಾರೀಖು ಮುಗಿದದ್ದನ್ನು ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಂಡು ಹಣ ಜಮಾ ಮಾಡಿಕೊಡಬೇಕು, ವ್ಯಾಪಾರದ ಪದ್ಧತಿ ಅದು. ಕೆಲವರು ಮಾಡುತ್ತಾರೆ. ಕೆಲವರು "ಮುಂದಿನ ತಿಂಗಳು ನೋಡೋಣ" ಅನ್ನುತ್ತಾ ಎಳೆಯುತ್ತಾರೆ. ಅಂಗಡಿಯವನ ಬಂಡವಾಳ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮೂಲೆಗೆ ಬಿದ್ದಿರುತ್ತದೆ. ಆಗ ಇನ್ನೊಬ್ಬ ಬ್ಯಾಗಿನವನು ಬಂದು "ಒಟ್ಟಿಗೆ ಎಷ್ಟಕ್ಕೆ ಕೊಡ್ತೀರಿ" ಅಂತ ಕೇಳುತ್ತಾನೆ. ತೂಕದ ಲೆಕ್ಕದಲ್ಲಿ ಹೋದ ಆ ಪೆಟ್ಟಿಗೆ ಹೊಸ ತಾರೀಖು ಹೊತ್ತು ಬೇರೆ ಊರಿನಲ್ಲಿ ಹಾಜರಾಗುತ್ತದೆ. ಈ ಜಾಗದಲ್ಲಿ ನನಗೆ ಕಂಪನಿಗಳ ಮೇಲೇ ಸಿಟ್ಟು. ಹಳೇ ಮಾಲನ್ನು ತಕರಾರಿಲ್ಲದೆ ವಾಪಸ್ ಪಡೆದರೆ ಈ ಅರ್ಧ ದಂಧೆ ತಾನಾಗೇ ನಿಲ್ಲುತ್ತದೆ.

ಈ ಟ್ಯೂಬನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ, ಎಲ್ಲರೂ ನೋಡಿ. ಸನ್‌ಸ್ಕ್ರೀನ್ ಟ್ಯೂಬು. ಕೆಳಗಡೆ ಒತ್ತಿ ಮುಚ್ಚಿದ ಅಂಚಿನಲ್ಲಿ ತಾರೀಖು ಇದೆ. ಬೆಳಕಿಗೆ ಓರೆಯಾಗಿ ಹಿಡಿಯಿರಿ. ತಾರೀಖಿನ ಸುತ್ತ ಒಂದು ಬೆರಳಗಲ ಜಾಗ ಮಿಕ್ಕ ಟ್ಯೂಬಿಗಿಂತ ಮಂಕಾಗಿದೆ, ಕಂಡಿತಾ? ಅಲ್ಲಿ ಥಿನ್ನರ್ ಹಾಕಿ ಉಜ್ಜಿದ್ದಾರೆ, ಪ್ಲಾಸ್ಟಿಕ್ಕಿನ ಹೊಳಪು ಹೋಗಿದೆ. ಹೊಸ ಅಂಕಿಗಳ ಕೆಳಗೆ ಹಳೇ ಅಂಕಿಯ ನೆರಳು ಇನ್ನೂ ಇದೆ. ಈಗ ಈ ರಟ್ಟಿನ ಪೆಟ್ಟಿಗೆ ನೋಡಿ. ಇದರ ಮೇಲಿನ ಬ್ಯಾಚ್ ನಂಬರೇ ಬೇರೆ, ಟ್ಯೂಬಿನದ್ದೇ ಬೇರೆ. ಬೆಲೆ ಕೂಡ ತಾಳೆಯಾಗೋದಿಲ್ಲ. ಯಾರದ್ದೋ ಪೆಟ್ಟಿಗೆಯಲ್ಲಿ ಯಾರದ್ದೋ ಟ್ಯೂಬು.

ಹಿಂದೆ ಕೂತಿರೋ ಕಾಲೇಜು ಹುಡುಗಿ ಕೇಳಿದ್ದು ಒಳ್ಳೇ ಪ್ರಶ್ನೆ: "ನೈಲ್ ಪಾಲಿಶ್ ರಿಮೂವರ್ ಹಚ್ಚಿ ಒರೆಸಿದಾಗ ತಾರೀಖು ಅಳಿಸಿ ಹೋದ್ರೆ ಅದು ಡೂಪ್ಲಿಕೇಟ್ ಅಂತ ರೀಲ್ಸಲ್ಲಿ ತೋರಿಸ್ತಾರೆ, ನಿಜಾನಾ ಆಂಟಿ?" ಇಲ್ಲಮ್ಮ. ಕಂಪನಿಯಲ್ಲೂ ತಾರೀಖನ್ನು ಚುಕ್ಕಿ ಚುಕ್ಕಿ ಶಾಯಿಯಲ್ಲೇ ಹೊಡೆಯೋದು. ಅಸಲಿಯದ್ದೂ ರಿಮೂವರಿಗೆ ಅಳಿಸುತ್ತದೆ. ಅಳಿಸುತ್ತೋ ಇಲ್ಲವೋ ಅನ್ನೋದು ಪರೀಕ್ಷೆಯಲ್ಲ. ಆಗಲೇ ಅಳಿಸಿ ಬರೆದ ಗುರುತು ಇದೆಯಾ, ಒಳಗಿನ ನಂಬರು ಹೊರಗಿನ ನಂಬರಿಗೆ ಹೊಂದುತ್ತದಾ ಅನ್ನೋದು ಪರೀಕ್ಷೆ.

ಸ್ಟಿಕ್ಕರಿನ ವಿಷಯದಲ್ಲೂ ಗೊಂದಲ ಇದೆ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ತಲೆಗೆ ಹಚ್ಚೋ ಎಣ್ಣೆ, ಟಾಲ್ಕಂ ಪೌಡರ್ ಇಂಥವುಗಳ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಅಂಗಡಿಯಲ್ಲಿ ಇದ್ದ ಮಾಲಿಗೆ ಹೊಸ ಬೆಲೆಯ ಸ್ಟಿಕ್ಕರ್ ಅಂಟಿಸೋಕೆ ಸರ್ಕಾರವೇ ಅವಕಾಶ ಕೊಟ್ಟಿತ್ತು, ಹಳೇ ಬೆಲೆ ಮುಚ್ಚಬಾರದು ಅನ್ನೋ ಷರತ್ತಿನ ಮೇಲೆ. ಹಾಗಾಗಿ ಬೆಲೆ ಇಳಿಸಿದ ಸ್ಟಿಕ್ಕರ್ ನೋಡಿ ಗಾಬರಿ ಆಗಬೇಡಿ. ತಾರೀಖಿನ ಮೇಲೆ ಸ್ಟಿಕ್ಕರ್ ಇದ್ದರೆ ಮಾತ್ರ ಅಲ್ಲೇ ಕೆಳಗಿಟ್ಟು ಬನ್ನಿ.

ಡಿಸ್ಕೌಂಟ್ ಎಲ್ಲ ಮೋಸ ಅಂತಲೂ ನಾನು ಹೇಳೋದಿಲ್ಲ. ಆನ್‌ಲೈನಿನಲ್ಲೇ ಹುಟ್ಟಿದ ಎಷ್ಟೋ ಹೊಸ ಬ್ರ್ಯಾಂಡುಗಳು ಎಂಆರ್‌ಪಿಯನ್ನೇ ಮೇಲೆ ಇಟ್ಟು ವರ್ಷವಿಡೀ ಅರ್ಧ ಬೆಲೆಗೆ ಮಾರುತ್ತವೆ. ಅಲ್ಲಿ ಶೇಕಡ 50 ಅನ್ನೋದೇ ನಿಜವಾದ ಬೆಲೆ. ಪ್ಯಾಕಿಂಗ್ ಬದಲಾದಾಗ ಹಳೇ ಪ್ಯಾಕು ಕಮ್ಮಿಗೆ ಬರುತ್ತದೆ, ತಾರೀಖು ಹತ್ತಿರ ಬಂದದ್ದೂ ಬರುತ್ತದೆ. ಎರಡು ತಿಂಗಳು ಉಳಿದಿರೋ ಶಾಂಪೂವನ್ನು ನಾಲ್ಕು ಜನರ ಮನೆಯವರು ಕೊಂಡರೆ ನಷ್ಟ ಏನಿಲ್ಲ, ತಿಂಗಳಲ್ಲಿ ಖಾಲಿ. ಅದೇ ಎರಡು ತಿಂಗಳು ಉಳಿದಿರೋ ಸನ್‌ಸ್ಕ್ರೀನನ್ನು "ಒಂದಕ್ಕೆ ಒಂದು ಫ್ರೀ" ಅಂತ ಮನೆಗೆ ತಂದರೆ ಎರಡನೆಯದ್ದು ಕಸಕ್ಕೆ ಕೊಟ್ಟ ದುಡ್ಡು. ಮಾರ್ಟುಗಳಲ್ಲಿ ಬುಟ್ಟಿಯಲ್ಲಿ ರಾಶಿ ಹಾಕಿದ್ದನ್ನು ತೆಗೆಯುವಾಗ ಪ್ರತಿ ಡಬ್ಬಿಯ ತಾರೀಖನ್ನೂ ನೋಡಿ. ಒಂದೇ ಬುಟ್ಟಿಯಲ್ಲಿ ಮೂರು ಬ್ಯಾಚಿನವು ಇರುತ್ತವೆ.

ಲೇಬಲ್ಲಿನಲ್ಲಿ ಏನು ನೋಡಬೇಕು? 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಯಾವಾಗಿನವರೆಗೆ ಬಳಸಬಹುದು ಅನ್ನೋದು, ಒಳಗೆ ಏನೇನು ಸೇರಿಸಿದ್ದಾರೆ ಅನ್ನೋ ಪಟ್ಟಿ ಇರಬೇಕು. ತೀರಾ ಸಣ್ಣ ಪೊಟ್ಟಣಗಳಿಗೆ ಸ್ವಲ್ಪ ವಿನಾಯಿತಿ ಇದೆ. ಹೊರದೇಶದ ಮಾಲಾದರೆ ಆಮದು ಮಾಡಿಕೊಂಡವರ ಹೆಸರು, ವಿಳಾಸ, ನೋಂದಣಿ ನಂಬರು ಇರಲೇಬೇಕು. ಸಾಮಾನ್ಯವಾಗಿ ಇದು ಬಿಳೀ ಸ್ಟಿಕ್ಕರಿನ ಮೇಲೆ ಇರುತ್ತದೆ. ಈಗ ಕೊರಿಯಾ ಕ್ರೀಮಿನ ಹುಚ್ಚು ಎಲ್ಲರಿಗೂ ಹಿಡಿದಿದೆ. ಅಲ್ಲಿನ ಡಬ್ಬಿಯಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಅದು ತಯಾರಿಸಿದ ದಿನವೋ ಮುಗಿಯೋ ದಿನವೋ ಅನ್ನೋದು ಆ ಭಾಷೆ ಬಂದವರಿಗೇ ಗೊತ್ತು. ಅದಕ್ಕೇ ಆಮದುದಾರರ ಸ್ಟಿಕ್ಕರ್ ಬೇಕು ಅನ್ನೋದು. "ದುಬೈಯಿಂದ ನಮ್ಮ ಅಣ್ಣ ತಂದಿದ್ದು" ಅಂತ ಮಾರುವವರ ಹತ್ತಿರ ಅದು ಇರೋದಿಲ್ಲ.

ದೇಸಿ ಡಬ್ಬಿಯಲ್ಲಿ ಇನ್ನೊಂದು ತೊಡಕು. ತಯಾರಿಸಿದ್ದು 03/23 ಅಂತ ಒಂದು ಕಡೆ ಇರುತ್ತದೆ, 24 ತಿಂಗಳ ಒಳಗೆ ಬಳಸಿ ಅಂತ ಇನ್ನೊಂದು ಕಡೆ. ಕೂಡಿಸಿ ನೋಡಿದರೆ 2025ರ ಮಾರ್ಚ್ ಹೊತ್ತಿಗೇ ಕಥೆ ಮುಗಿದಿದೆ. ಗಿಜಿಗುಡೋ ಅಂಗಡಿಯಲ್ಲಿ, ಕಂಕುಳಲ್ಲಿ ಮಗು ಇಟ್ಟುಕೊಂಡು, ಕನ್ನಡಕ ಮನೆಯಲ್ಲಿ ಮರೆತು ಬಂದ ಹೆಂಗಸು ಈ ಲೆಕ್ಕ ಮಾಡುತ್ತಾಳಾ? ಫೋನಿನಲ್ಲಿ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ನಾಚಿಕೆ ಬೇಡ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಆನ್‌ಲೈನ್ ವಿಷಯ. ನೀವು ಹೆಸರು ಕೇಳಿರೋ ದೊಡ್ಡ ಆ್ಯಪುಗಳು ಬಹಳ ಮಟ್ಟಿಗೆ ಸಂತೆಯ ಜಾಗ ಬಾಡಿಗೆಗೆ ಕೊಟ್ಟವರಿದ್ದ ಹಾಗೆ. ಅಲ್ಲಿ ಕೂತು ಮಾರೋದು ಬೇರೆ ಯಾರೋ. ಒಂದೇ ಫೋಟೋದ ಕೆಳಗೆ ಐದಾರು ಜನ ಮಾರಾಟಗಾರರು ಇರಬಹುದು, ನಿಮಗೆ ಬರೋದು ಅವರಲ್ಲಿ ಒಬ್ಬರ ಮಾಲು. ಆದ್ದರಿಂದ ಬ್ರ್ಯಾಂಡಿನ ಹೆಸರು ಓದಿದ ಮೇಲೆ ಒಂದು ಬೆರಳು ಕೆಳಗೆ ಜಾರಿಸಿ, ಮಾರುವವರು ಯಾರು ಅಂತ ಓದಿ. ಅದರ ಮೇಲೆ ಒತ್ತಿದರೆ ಅವರ ವಿಳಾಸ ಬರಬೇಕು. 2020ರ ಇ–ಕಾಮರ್ಸ್ ನಿಯಮಗಳಲ್ಲಿ ಮಾರಾಟಗಾರರ ವಿವರ ತೋರಿಸೋದು ಕಡ್ಡಾಯ. ನಾನಾದರೆ ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ, ಅವರು ಯಾರನ್ನು ಅಧಿಕೃತ ಮಾರಾಟಗಾರರು ಅಂತ ಹೇಳಿದ್ದಾರೋ ನೋಡುತ್ತೇನೆ. ಅದು ಸಿಗದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಒಂದು ಮೇಲ್ ಹಾಕಿ ಕೇಳುತ್ತೇನೆ. ಬಹಳಷ್ಟು ಕಂಪನಿಯವರು ಉತ್ತರ ಕೊಡುತ್ತಾರೆ, ಯಾಕೆಂದರೆ ನಕಲಿಯಿಂದ ನಷ್ಟ ಅವರಿಗೂ ಇದೆ.

ಪಾರ್ಸೆಲ್ ಜೊತೆ ಬರೋ ಬಿಲ್ಲನ್ನು ಎಸೆಯಬೇಡಿ. ಅದರಲ್ಲಿ ಮಾರುವವರ ಜಿಎಸ್‌ಟಿ ನಂಬರು ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು: 29 ಅಂದರೆ ಕರ್ನಾಟಕ, 27 ಮಹಾರಾಷ್ಟ್ರ, 07 ದೆಹಲಿ. ಜಿಎಸ್‌ಟಿ ಇಲಾಖೆಯ ವೆಬ್‌ಸೈಟಿನಲ್ಲಿ ಆ ನಂಬರು ಹಾಕಿದರೆ ಅದು ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಅನ್ನೋದು ಬರುತ್ತದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ನೂ ಬೇಡ. ಮೊಬೈಲ್ ಅಂಗಡಿ ಹೆಸರಲ್ಲಿ ನೋಂದಣಿ ಇದ್ದು ನಿಮಗೆ ಸೀರಮ್ ಕಳಿಸಿದ್ದರೆ ಸ್ವಲ್ಪ ಯೋಚಿಸಿ.

ಪೆಟ್ಟಿಗೆ ಬಿಚ್ಚುವಾಗ ವಿಡಿಯೋ ಮಾಡಿ. ಅಂಟಿಸಿದ ವಿಳಾಸದ ಚೀಟಿ ಮೊದಲು ಕಾಣಬೇಕು, ಆಮೇಲೆ ಕತ್ತರಿ, ಆಮೇಲೆ ಒಳಗಿನ ಡಬ್ಬಿ, ಅದರ ಬ್ಯಾಚ್ ನಂಬರು. ನಡುವೆ ನಿಲ್ಲಿಸಬಾರದು. ಮಕ್ಕಳ ಕೈಗೆ ಫೋನು ಕೊಟ್ಟರೆ ಖುಷಿಯಿಂದ ಮಾಡುತ್ತಾರೆ. "ಸೌಂದರ್ಯವರ್ಧಕಗಳನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ ಆ್ಯಪಿನಲ್ಲಿ ಬರೆದಿರುತ್ತಾರೆ. ಅದು ನಿಮಗೆ ಬಣ್ಣ ಹಿಡಿಸಲಿಲ್ಲ ಅನ್ನೋ ಕಾರಣಕ್ಕೆ ಮಾತ್ರ. ದೋಷ ಇರೋ ಮಾಲು, ನಕಲಿ ಮಾಲು ಬಂದಾಗ ವಾಪಸ್ ಪಡೆಯಲ್ಲ, ಹಣ ಕೊಡಲ್ಲ ಅನ್ನೋ ಹಾಗಿಲ್ಲ. ದೂರು ಕೊಟ್ಟ 48 ಗಂಟೆಯೊಳಗೆ ಅದು ಮುಟ್ಟಿದೆ ಅಂತ ಅವರ ದೂರು ಅಧಿಕಾರಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಇದೂ ಆಗಲೇ ಹೇಳಿದ ಇ–ಕಾಮರ್ಸ್ ನಿಯಮಗಳಲ್ಲೇ ಇದೆ.

ಇನ್‌ಸ್ಟಾಗ್ರಾಮಿನಲ್ಲಿ "ಡಿಎಂ ಮಾಡಿ ಸಿಸ್" ಅನ್ನೋ ಪುಟಗಳಿಂದ ಕೊಂಡರೆ ಇದ್ಯಾವುದೂ ಕೆಲಸಕ್ಕೆ ಬರೋದಿಲ್ಲ. ಬಿಲ್ಲಿಲ್ಲ, ವಿಳಾಸ ಇಲ್ಲ, ನಾಳೆ ಬ್ಲಾಕ್ ಮಾಡಿದರೆ ಪುಟವೇ ಇಲ್ಲ.

ಈಗ ನನಗೆ ನಿಜವಾಗಿ ಭಯ ಇರೋ ವಿಷಯಕ್ಕೆ ಬರುತ್ತೇನೆ. ಬೆಳ್ಳಗೆ ಮಾಡೋ ಕ್ರೀಮು. ಹೆಸರಿಲ್ಲದ ಪುಟ್ಟ ಡಬ್ಬಿ, ಪಾರ್ಲರಿನಲ್ಲಿ "ನೈಟ್ ಕ್ರೀಮ್" ಅಂತ ಕೊಡೋದು, ಹದಿನೈದು ದಿನದಲ್ಲಿ ಮುಖ ಟ್ಯೂಬ್‌ಲೈಟ್ ಆಗೋದು. ಇಷ್ಟು ಬೇಗ ಕೆಲಸ ಮಾಡುತ್ತದೆ ಅಂದರೆ ಒಳಗೆ ಎರಡರಲ್ಲಿ ಒಂದು ಇರೋ ಸಾಧ್ಯತೆ ಹೆಚ್ಚು, ಪಾದರಸ ಇಲ್ಲವೇ ಸ್ಟೀರಾಯ್ಡ್.

ಪಾದರಸ ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ತಯಾರಾಗೋದನ್ನು ತಡೆಯುತ್ತದೆ. ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ ಕುತ್ತು ತರುತ್ತದೆ. ಹಚ್ಚಿಕೊಂಡವರಿಗೆ ಮಾತ್ರ ಅಲ್ಲ, ಆವಿಯಾಗಿ ಮನೆಯ ಮಕ್ಕಳ ಮೈಗೂ ಸೇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆ ಅಂತ ಆಸ್ಪತ್ರೆಗೆ ಬಂದ ಕೆಲವರು ಇಂಥ ಕ್ರೀಮು ಹಚ್ಚುತ್ತಿದ್ದದ್ದನ್ನು ವೈದ್ಯರು ಪತ್ತೆ ಹಚ್ಚಿದರು. ಅಲ್ಲಿನ ಔಷಧ ನಿಯಂತ್ರಣ ಇಲಾಖೆ "ಆಪರೇಷನ್ ಸೌಂದರ್ಯ" ಅಂತ ಹೆಸರಿಟ್ಟು ಅಂಗಡಿಗಳನ್ನು ತಪಾಸಣೆ ಮಾಡಿತು. ನಮ್ಮ ದೇಶದ ನಿಯಮದಲ್ಲಿ ಕಣ್ಣಿಗೆ ಹಚ್ಚುವಂಥದ್ದು ಬಿಟ್ಟು ಉಳಿದವುಗಳಲ್ಲಿ ಪಾದರಸ ಹತ್ತು ಲಕ್ಷಕ್ಕೆ ಒಂದು ಪಾಲು ಮೀರಬಾರದು. ಅದೂ ತಯಾರಿಕೆಯಲ್ಲಿ ತಾನಾಗಿ ಸೇರಿದ್ದರೆ ಮಾತ್ರ, ಬೇಕಂತಲೇ ಸೇರಿಸೋ ಹಾಗಿಲ್ಲ.

ಮನೆಯಲ್ಲೇ ಪಾದರಸ ಪತ್ತೆ ಮಾಡೋಕಾಗಲ್ಲ. ಆದರೆ ಡಬ್ಬಿಯೇ ಕೆಲವೊಮ್ಮೆ ಬಾಯಿ ಬಿಡುತ್ತದೆ. ಒಳಗಿನ ಪಟ್ಟಿಯಲ್ಲಿ ಕ್ಯಾಲೊಮೆಲ್, ಮರ್ಕ್ಯುರಿಕ್, ಮರ್ಕ್ಯುರಸ್ ಅನ್ನೋ ಪದ ಇದ್ದರೆ ಅದು ಪಾದರಸವೇ. ಪಟ್ಟಿಯೇ ಇಲ್ಲದಿದ್ದರೂ "ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ರಬ್ಬರಿಗೆ ತಾಗಿಸಬೇಡಿ" ಅಂತ ಸೂಚನೆ ಇರುತ್ತದೆ. ಪಾದರಸ ಚಿನ್ನಕ್ಕೆ ತಾಗಿದರೆ ಏನಾಗುತ್ತದೆ ಅಂತ ಅಕ್ಕಸಾಲಿಗರ ಮನೆಯವರು ಇಲ್ಲಿದ್ದರೆ ಅವರೇ ಹೇಳುತ್ತಾರೆ. ಸರ ತೆಗೆದಿಟ್ಟು ಹಚ್ಚಿಕೊಳ್ಳಿ ಅಂತ ಹೇಳೋ ಕ್ರೀಮನ್ನು ಕತ್ತಿಗೆ ಯಾಕೆ ಹಚ್ಚಬೇಕು?

ವಿಷವನ್ನು ಮುಖಕ್ಕೆ ಬಳಿದುಕೊಳ್ಳೋದು ನಮ್ಮಲ್ಲಿ ಹೊಸದೇನಲ್ಲ. ನಾಟಕದ ಗುಬ್ಬಿ ವೀರಣ್ಣನವರ ಜಿಲ್ಲೆ ಇದು, ಮೂಡಲಪಾಯ ಯಕ್ಷಗಾನದ ಸೀಮೆ. ಹಿಂದಿನ ಬಣ್ಣದ ಪೆಟ್ಟಿಗೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ ಇರುತ್ತಿದ್ದವು. ಅರದಾಳದಲ್ಲಿ ಇರೋದು ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ. ಕಲಾವಿದರಿಗೆ ಬೇರೆ ಬಣ್ಣ ಸಿಗುತ್ತಿರಲಿಲ್ಲ, ರಾತ್ರಿಯಾಟ ಮುಗಿದ ಮೇಲೆ ಎಣ್ಣೆ ಹಚ್ಚಿ ಒರೆಸಿಕೊಳ್ಳುತ್ತಿದ್ದರು. ನಾವು ದುಡ್ಡು ಕೊಟ್ಟು ತಂದು ರಾತ್ರಿಯಿಡೀ ಹಚ್ಚಿಕೊಂಡು ಮಲಗುತ್ತೇವೆ.

ಸ್ಟೀರಾಯ್ಡ್ ಕಥೆ ಬೇರೆ. ಅದು ಔಷಧ, ಕಜ್ಜಿ ಉರಿ ಇದ್ದಾಗ ಡಾಕ್ಟರು ಇಷ್ಟು ದಿನ ಅಂತ ಹೇಳಿ ಬರೆದುಕೊಡೋದು. ಮುಖಕ್ಕೆ ಹಚ್ಚಿದರೆ ಮೊದಲು ನುಣುಪಾಗುತ್ತದೆ, ಬೆಳ್ಳಗಾಗುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣುತ್ತವೆ, ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಸಮಾಧಾನ, ಹಾಗಾಗಿ ಬಿಡೋಕಾಗಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಇಲ್ಲಿ ಯಾರಾದರೂ ಈಗಾಗಲೇ ಹಚ್ಚುತ್ತಿದ್ದರೆ, ನನ್ನ ಮಾತು ಕೇಳಿ ಇವತ್ತೇ ಏಕಾಏಕಿ ಬಿಡಬೇಡಿ. ಡಬ್ಬಿ ಸಮೇತ ಚರ್ಮದ ಡಾಕ್ಟರ ಹತ್ತಿರ ಹೋಗಿ, ಹೇಗೆ ಬಿಡಬೇಕು ಅಂತ ಅವರು ಹೇಳಲಿ.

ಮುಂದಿನ ಸಾಲಿನ ಅಜ್ಜಿ ಕೇಳುತ್ತಿದ್ದಾರೆ, "ನಮಗೇನವ್ವ, ಕ್ರೀಮೂ ಇಲ್ಲ ಪೌಡರೂ ಇಲ್ಲ, ಕುಂಕುಮ ಒಂದೇ" ಅಂತ. ಅಜ್ಜೀ, ಅಂಟಿಸೋ ಬಿಂದಿ ಇಟ್ಟ ಜಾಗದಲ್ಲಿ ಬಿಳಿ ಮಚ್ಚೆ ಆಗಿರೋರನ್ನು ನೋಡಿದ್ದೀರಲ್ಲ? ಕೆಲವು ಅಂಟಿನಲ್ಲಿರೋ ಒಂದು ರಾಸಾಯನಿಕ ಅಲ್ಲಿನ ಬಣ್ಣವನ್ನೇ ತಿಂದುಹಾಕುತ್ತದೆ. ಕಪ್ಪು ಮೆಹಂದಿ ಕೋನೂ ಹಾಗೆಯೇ. ಗೋರಂಟಿ ಯಾವತ್ತೂ ಕಪ್ಪಲ್ಲ. ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ ಅಂದರೆ ತಲೆಗೂದಲ ಬಣ್ಣಕ್ಕೆ ಹಾಕೋ ಪಿಪಿಡಿ ಅನ್ನೋ ರಾಸಾಯನಿಕ ಸೇರಿಸಿರಬಹುದು. ಕೈಯಲ್ಲಿ ಚಿತ್ತಾರದ ಆಕಾರಕ್ಕೇ ಬೊಬ್ಬೆ ಎದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನು ಹೇರ್ ಡೈ. ಮೊದಲು ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಿ, ಹುಬ್ಬಿಗೆ ರೆಪ್ಪೆಗೆ ಹಚ್ಚಬೇಡಿ, ಕಣ್ಣು ಹೋಗಬಹುದು ಅನ್ನೋ ಎಚ್ಚರಿಕೆ ಅದರ ಮೇಲೆ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಇರಬೇಕು ಅನ್ನೋದು ನಿಯಮ. ಆ ಎಚ್ಚರಿಕೆಯೇ ಇಲ್ಲದ ಪೊಟ್ಟಣ ಬೇಡ.

ಜಾತ್ರೆಯಲ್ಲಿ ಏನೂ ಕೊಳ್ಳಬೇಡಿ ಅಂತಲ್ಲ. ಬಳೆ, ಕ್ಲಿಪ್ಪು, ರಿಬ್ಬನ್ನು ಧಾರಾಳವಾಗಿ ಕೊಳ್ಳಿ. ಕಣ್ಣಿಗೆ, ತುಟಿಗೆ ತಾಗೋದನ್ನು ಮಾತ್ರ ಬಿಲ್ಲು ಕೊಡೋ ಅಂಗಡಿಯಲ್ಲಿ ಕೊಳ್ಳಿ.

ಮನೆಯಲ್ಲಿರೋದರ ಬಗ್ಗೆ ಎರಡು ಮಾತು. ಡಬ್ಬಿಯ ಹಿಂದೆ ಮುಚ್ಚಳ ತೆರೆದ ಪುಟ್ಟ ಡಬ್ಬಿಯ ಚಿತ್ರ, ಅದರೊಳಗೆ 6ಎಂ, 12ಎಂ ಅಂತ ಇದ್ದರೆ, ತೆರೆದ ಮೇಲೆ ಅಷ್ಟು ತಿಂಗಳು ಅಂತ ಅರ್ಥ. ತಾರೀಖು ಇನ್ನೂ ಇದ್ದರೂ ತೆರೆದದ್ದು ಕೆಡುತ್ತದೆ. ಮಸ್ಕರಾ ಮೂರು ತಿಂಗಳಾದ ಮೇಲೆ ಎಸೆಯಿರಿ, ಪ್ರತಿ ಸಲ ಕಡ್ಡಿ ಒಳಗೆ ಹಾಕಿದಾಗ ಕಣ್ಣಿನ ಕೊಳೆಯೂ ಒಳಗೆ ಹೋಗುತ್ತದೆ. ಒಣಗಿತು ಅಂತ ನೀರು, ಎಂಜಲು ಸೇರಿಸಬೇಡಿ. ವಿಟಮಿನ್ ಸಿ ಸೀರಮ್ ಕಂದು ಬಣ್ಣಕ್ಕೆ ತಿರುಗಿದರೆ ಅದರ ಕೆಲಸ ಮುಗಿಯಿತು. ಪೌಡರು, ನೈಲ್ ಪಾಲಿಶ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ.

ಖಾಲಿ ಬಾಟಲಿಯನ್ನು ಮಾತ್ರ ಹಾಗೇ ಗುಜರಿಗೆ ಹಾಕಬೇಡಿ. ಒಳ್ಳೇ ಬ್ರ್ಯಾಂಡಿನ ಅಸಲಿ ಬಾಟಲಿ, ಅಸಲಿ ರಟ್ಟು, ನಕಲಿ ತುಂಬುವವನಿಗೆ ಅದಕ್ಕಿಂತ ಬೇರೆ ಏನು ಬೇಕು? ಲೇಬಲ್ ಮೇಲೆ ಬ್ಲೇಡಿನಿಂದ ಗೀರಿ, ರಟ್ಟನ್ನು ಹರಿದು ಹಾಕಿ. ಪಾರ್ಲರಿನವರು ಇಲ್ಲಿದ್ದರೆ ಅವರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ಮೋಸ ಹೋದಿರಿ ಅಂತಿಟ್ಟುಕೊಳ್ಳಿ. ಬಳಸೋದು ನಿಲ್ಲಿಸಿ, ಡಬ್ಬಿ ಎಸೆಯಬೇಡಿ, ಅದೇ ಸಾಕ್ಷಿ. 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಆರೋಗ್ಯಕ್ಕೆ ತೊಂದರೆ ಆಗಿದ್ದರೆ ಜಿಲ್ಲೆಯಲ್ಲಿ ಸಹಾಯಕ ಔಷಧ ನಿಯಂತ್ರಕರ ಕಚೇರಿ ಇದೆ, ಅಲ್ಲಿ ಲಿಖಿತ ದೂರು ಕೊಡಿ. ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ: 1940ರ ಕಾಯ್ದೆಯ 26ನೇ ಕಲಂ ಪ್ರಕಾರ ಯಾರು ಬೇಕಾದರೂ ತಾವು ಕೊಂಡ ಸೌಂದರ್ಯವರ್ಧಕವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿ ಪಡೆಯಬಹುದು. ನಿಮ್ಮ ಸಂಘದಿಂದ ಎಲ್ಲರೂ ಸೇರಿ ಒಂದು ಅನುಮಾನದ ಕ್ರೀಮನ್ನು ಹೀಗೆ ಕಳಿಸಿ ನೋಡಿ ಅನ್ನೋದು ನನ್ನ ಆಸೆ. ಹಣ ವಾಪಸ್, ಪರಿಹಾರ ಬೇಕಾದರೆ ಜಿ​ಲ್ಲಾ ಗ್ರಾಹಕ ಆಯೋಗ. ಮಾರಿದವನು ದೆಹಲಿಯಲ್ಲಿದ್ದರೂ ನೀವು ವಾಸ ಇರೋ ತುಮಕೂರಿನಲ್ಲೇ ದೂರು ಹಾಕಬಹುದು, 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು.

ಕೊನೆಯ ಪ್ರಶ್ನೆ ಶಿರಾ ಗೇಟ್ ಕಡೆಯಿಂದ ಬಂದಿರೋ ತಾಯಿಯದ್ದು. "ನೂರು ರೂಪಾಯಿ ಕಾಡಿಗೆಗೆಲ್ಲ ಬಿಲ್ ಕೇಳಿದ್ರೆ ಅಂಗಡಿಯವ್ರು ನಗ್ತಾರೆ, ಏನ್ ಮಾಡೋದು?"

ನಗಲಿ, ನೀವು ಕೇಳಿ. ಇನ್ನೂರು ರೂಪಾಯಿ ಒಳಗಿನದ್ದಕ್ಕೆ ತಾವಾಗೇ ಬಿಲ್ಲು ಕೊಡಬೇಕಿಲ್ಲ ಅಂತ ಜಿಎಸ್‌ಟಿಯಲ್ಲಿ ಇದೆ, ಆದರೆ ಗಿರಾಕಿ ಕೇಳಿದರೆ ಕೊಡಬೇಕು. ಬಿಲ್ಲು ಕೊಡದಿರೋದು ಗ್ರಾಹಕ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಬರೆದಿದ್ದಾರೆ. ಜಿಎಸ್‌ಟಿ ಇಲ್ಲದ ಸಣ್ಣ ಅಂಗಡಿಯಾದರೆ ಹೆಸರಿನ ಸೀಲು ಹೊಡೆದ ಚೀಟಿಯಲ್ಲಿ ಮಾಲಿನ ಹೆಸರು, ಬ್ಯಾಚ್ ನಂಬರು ಬರೆಸಿಕೊಳ್ಳಿ. ಅದೂ ಆಗಲಿಲ್ಲ ಅಂದರೆ ನಗದು ಕೊಡಬೇಡಿ. ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡಿ, ಹಣ ಕಳಿಸೋ ಮೊದಲು ಕೆಳಗಿನ ಖಾಲಿ ಜಾಗದಲ್ಲಿ ಏನು ಕೊಂಡಿರಿ ಅಂತ ಟೈಪ್ ಮಾಡಿ. ತಾರೀಖು, ಹೊತ್ತು, ಯಾರ ಖಾತೆಗೆ ಹೋಯಿತು ಎಲ್ಲ ನಿಮ್ಮ ಫೋನಿನಲ್ಲೇ ಇರುತ್ತದೆ.